ಖಾತೆ ಅಣ್ಣನ ಹೆಸರಿಗಾಗಿದೆ, ನನ್ನ ಪಾಲು ಉಳಿದಿದೆಯೇ?

ಪ್ರಶ್ನೆ: ನನ್ನ ತವರು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. 1991ರಲ್ಲಿ ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ತಂದೆ 2001ರಲ್ಲಿ, ತಾಯಿ 2012ರಲ್ಲಿ ತೀರಿಕೊಂಡರು. ಅಣ್ಣ, ನಾನು, ತಂಗಿ, ಹೀಗೆ ಮೂವರು ಮಕ್ಕಳು. ತಾತನ ಕಾಲದಿಂದ ಬಂದ 4 ಎಕರೆ 20 ಗುಂಟೆ ಜಮೀನು ಮತ್ತು ಊರಿನಲ್ಲೊಂದು ಮನೆ ಇದೆ. ತಂದೆ ತೀರಿಕೊಂಡ ಮರುವರ್ಷ ಅಣ್ಣ ತನ್ನೊಬ್ಬನ ಹೆಸರಿಗೆ ಪೌತಿ ಖಾತೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿಕೊಂಡ. 2003ರಲ್ಲಿ ಊರಿನ ಹಿರಿಯರನ್ನು ಕೂರಿಸಿ, ಅರಿಶಿನ ಕುಂಕುಮಕ್ಕೆಂದು ನಮ್ಮಿಬ್ಬರಿಗೂ ತಲಾ 25 ಸಾವಿರ ರೂಪಾಯಿ ಕೊಟ್ಟು, ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡ. ಅದು ನೋಂದಣಿಯಾಗಿಲ್ಲ. ಪ್ರತಿ ಸುಗ್ಗಿಯಲ್ಲೂ ರಾಗಿ, ತೆಂಗಿನಕಾಯಿ ಕಳುಹಿಸುತ್ತಿದ್ದವನು ಎರಡು ವರ್ಷದಿಂದ ನಿಲ್ಲಿಸಿದ್ದಾನೆ. ಈಗ ರಸ್ತೆ ಬದಿಯ 1 ಎಕರೆ 10 ಗುಂಟೆಯನ್ನು ಲೇಔಟ್ ಮಾಡುವವರಿಗೆ ಮಾರಲು ಮುಂಗಡ ಪಡೆದಿದ್ದಾನೆ ಎಂದು ತಿಳಿಯಿತು. ಕೇಳಿದರೆ, ‘ನಿನ್ನ ಮದುವೆ ಆದದ್ದು 1994ಕ್ಕೆ ಮುಂಚೆ, ಅಪ್ಪ ತೀರಿಕೊಂಡದ್ದು 2005ಕ್ಕೆ ಮುಂಚೆ, ಖಾತೆ ಇಪ್ಪತ್ತು ವರ್ಷದಿಂದ ನನ್ನ ಹೆಸರಿನಲ್ಲಿದೆ, ನೀನೇ ಸಹಿ ಹಾಕಿದ್ದೀಯ, ಇನ್ನೇನು ಹಕ್ಕು’ ಎನ್ನುತ್ತಾನೆ. ತಂಗಿ ಸುಮ್ಮನಿದ್ದಾಳೆ. ಕೋರ್ಟಿಗೆ ಹೋದರೆ ತವರು ಶಾಶ್ವತವಾಗಿ ತಪ್ಪುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನನಗೆ ಪಾಲು ಇದೆಯೇ? ಮಾರಾಟ ತಡೆಯುವುದು ಹೇಗೆ?

ಉತ್ತರ: ಪಾಲು ಇದೆ. ನೀವು ಬರೆದಿರುವ ಸಂಗತಿಗಳೆಲ್ಲ ದಾಖಲೆಯಲ್ಲೂ ಹಾಗೆಯೇ ಇದ್ದರೆ ನಿಮ್ಮ ಪಾಲು ಮೂರನೆಯ ಒಂದು ಭಾಗ. ನಾಲ್ಕು ಎಕರೆ ಇಪ್ಪತ್ತು ಗುಂಟೆ ಎಂದರೆ 180 ಗುಂಟೆ. ಅದರಲ್ಲಿ ನಿಮ್ಮದು 60 ಗುಂಟೆ, ಅಂದರೆ ಒಂದೂವರೆ ಎಕರೆ. ಮನೆಯಲ್ಲೂ ಅಷ್ಟೇ. ಆದರೆ ಮುಂಗಡ ಕೈ ಬದಲಾಗಿದೆ ಎಂದರೆ ಕ್ರಯಪತ್ರ ಯಾವ ದಿನ ಬೇಕಾದರೂ ಆಗಬಹುದು. ಆದ್ದರಿಂದ ಈ ಉತ್ತರ ಓದಿ ಮುಗಿಸಿದ ಮೇಲೆ ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.

ನಿಮ್ಮ ಅಣ್ಣ ಹೇಳಿದ ನಾಲ್ಕು ಮಾತುಗಳನ್ನೇ ಒಂದೊಂದಾಗಿ ನೋಡೋಣ. ನ್ಯಾಯಾಲಯದಲ್ಲಿ ಅವರ ವಕೀಲರು ಹೇಳುವುದೂ ಇವನ್ನೇ.

1994ರ ಮಾತು ಅವರು ಹುಟ್ಟಿಸಿದ್ದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕವೇ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ ನಮ್ಮ ರಾಜ್ಯ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಕೊಟ್ಟಿತ್ತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಹಳ್ಳಿಗಳಲ್ಲಿ ಇಂದಿಗೂ ‘94ರ ಮುಂಚೆ ಮದುವೆಯಾದವರಿಗೆ ಇಲ್ಲ’ ಎನ್ನುವುದು ಈ ಕಾರಣಕ್ಕೆ. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂದ ಮೇಲೆ ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು. ಆ ಮಾತಿಗೆ ಈಗ ಕಾನೂನಿನ ಬಲವಿಲ್ಲ.

ಎರಡನೆಯದು, ತಂದೆ 2005ಕ್ಕೆ ಮುಂಚೆ ತೀರಿಕೊಂಡದ್ದು. ಇದಕ್ಕೂ ಒಂದು ಹಿನ್ನೆಲೆ ಇದೆ. 2015ರಲ್ಲಿ ಸುಪ್ರೀಂ ಕೋರ್ಟ್, ಕರ್ನಾಟಕದಿಂದಲೇ ಹೋಗಿದ್ದ ಪ್ರಕಾಶ್ ಮತ್ತು ಫುಲವತಿ ಪ್ರಕರಣದಲ್ಲಿ, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಮಗಳು ಇಬ್ಬರೂ ಬದುಕಿದ್ದರೆ ಮಾತ್ರ ಹೊಸ ಹಕ್ಕು ಎಂದಿತ್ತು. ಆ ತೀರ್ಪನ್ನು ನಂಬಿ ಎಷ್ಟೋ ಹೆಣ್ಣುಮಕ್ಕಳು ದಾವೆ ಹೂಡದೆ ಕೈಚೆಲ್ಲಿದರು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಮಗನಿಗೆ ಹೇಗೋ ಹಾಗೆಯೇ ಮಗಳಿಗೂ ಹಕ್ಕು ಹುಟ್ಟಿನಿಂದ ಬರುತ್ತದೆ, ತಂದೆ ಯಾವಾಗ ತೀರಿಕೊಂಡರು ಎಂಬುದು ಅದಕ್ಕೆ ಅಡ್ಡಿಯಲ್ಲ ಎಂಬುದು ಇಂದಿನ ಕಾನೂನು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಮಾರಾಟ, ದಾನ, ವಿಭಾಗಗಳಿಗೆ ಮಾತ್ರ ರಕ್ಷಣೆ ಇದೆ. ಈ ದಿನಾಂಕವನ್ನು ನೆನಪಿಡಿ, 2003ರ ಕಾಗದದ ವಿಚಾರದಲ್ಲಿ ಮತ್ತೆ ಬೇಕಾಗುತ್ತದೆ.

ಇಲ್ಲಿ ಇನ್ನೊಂದು ಮಾತು. ನಾಳೆ ಅವರು ‘ಇದು ಪಿತ್ರಾರ್ಜಿತವೇ ಅಲ್ಲ, ಅಪ್ಪನ ಸ್ವಯಾರ್ಜಿತ’ ಎಂದರೆ ಗಾಬರಿಯಾಗಬೇಡಿ. ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಂತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಸಮವಾಗಿ ಹೋಗುತ್ತದೆ. ಇದು 1956ರಿಂದಲೂ ಇರುವ ಕಾನೂನು. 1994ಕ್ಕೂ 2005ಕ್ಕೂ ಸಂಬಂಧವಿಲ್ಲ. ತಂದೆಗೆ ಬಂದದ್ದು, ಆಮೇಲೆ ತಾಯಿಗೆ ಬಂದದ್ದು, ಎರಡೂ ಕೊನೆಗೆ ನೀವು ಮೂವರಿಗೇ ಇಳಿಯುತ್ತದೆ. ಯಾವ ದಾರಿಯಲ್ಲಿ ಲೆಕ್ಕ ಹಾಕಿದರೂ ಮೂರನೆಯ ಒಂದು ಭಾಗವೇ ಬರುತ್ತದೆ. ಈ ಲೆಕ್ಕ ಕೆಡುವುದು ವಿಲ್ ಒಂದು ಎದ್ದುಬಂದರೆ ಮಾತ್ರ. ಅಂಥ ವಿಲ್ ಬಂದರೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ಅವರಲ್ಲಿ ಬದುಕಿರುವ ಒಬ್ಬರನ್ನಾದರೂ ಕರೆಸಿ ರುಜುವಾತು ಮಾಡಬೇಕು. ಪಿತ್ರಾರ್ಜಿತದಲ್ಲಾದರೆ ತಂದೆ ತಮ್ಮ ಪಾಲಿಗಷ್ಟೇ ವಿಲ್ ಬರೆಯಬಲ್ಲರು, ನಿಮ್ಮ ಪಾಲಿಗಲ್ಲ.

ಈಗ ಖಾತೆ. ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಒಂದು ತಪ್ಪು ತಿಳಿವಳಿಕೆಯ ಸುತ್ತ ಸುತ್ತುತ್ತವೆ. ಖಾತೆ, ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಇವು ಯಾವುದೂ ಮಾಲೀಕತ್ವ ಕೊಡುವ ದಾಖಲೆಗಳಲ್ಲ. ಕಂದಾಯ ಯಾರಿಂದ ವಸೂಲು ಮಾಡಬೇಕು ಎಂದು ಸರ್ಕಾರ ಇಟ್ಟುಕೊಂಡ ಲೆಕ್ಕ ಅವು. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯ ನಮೂದು ಸರಿ ಎಂದು ಮೊದಲಿಗೆ ಭಾವಿಸಬೇಕು, ಆದರೆ ತಪ್ಪು ಎಂದು ತೋರಿಸಿದ ಕ್ಷಣ ಆ ಭಾವನೆ ಬಿದ್ದುಹೋಗುತ್ತದೆ. ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಅಣ್ಣನ ಹೆಸರಿದ್ದರೆ ಅದರ ಪಕ್ಕದ 10ನೇ ಕಾಲಂನಲ್ಲಿ ಆ ಹೆಸರು ಹೇಗೆ ಬಂತು ಎಂಬುದಕ್ಕೆ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ಸಂಖ್ಯೆ ಇರುತ್ತದೆ. ‘ಪೌತಿ’ ಅಥವಾ ‘ವಾರಸಾ’ ಎಂದಿದ್ದರೆ ಅವರು ಆ ಜಮೀನನ್ನು ಕೊಂಡವರಲ್ಲ, ತಂದೆಯ ವಾರಸುದಾರರಾಗಿ ಬಂದವರು ಎಂದು ಪಹಣಿಯೇ ಹೇಳುತ್ತಿದೆ. ಅದೇ ತಂದೆಗೆ ನೀವೂ ವಾರಸುದಾರರು.

ಆ ಎಂ.ಆರ್. ಸಂಖ್ಯೆ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಪೌತಿ ಖಾತೆಯ ಇಡೀ ಕಡತದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಬರೀ ಒಂದು ಹಾಳೆಯ ಮ್ಯುಟೇಶನ್ ಪ್ರತಿ ಸಾಲದು, ಒಳಗಿನ ಕಾಗದಗಳು ಬೇಕು. ಅದರಲ್ಲಿ ಅಂದು ಕೊಟ್ಟ ಅರ್ಜಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಹೇಳಿಕೆ ಇರುತ್ತವೆ. ವಂಶವೃಕ್ಷದಲ್ಲಿ ನಿಮ್ಮ ಮತ್ತು ತಂಗಿಯ ಹೆಸರು ಇದೆಯೇ ನೋಡಿ. ಹೆಸರೇ ಇಲ್ಲದಿದ್ದರೆ ವಾರಸುದಾರರನ್ನು ಮುಚ್ಚಿಟ್ಟು ಖಾತೆ ಮಾಡಿಸಿಕೊಂಡದ್ದು ಅವರದೇ ಸಹಿಯಲ್ಲಿ ಸಿಕ್ಕಂತಾಯಿತು. ಹೆಸರಿದ್ದು, ‘ಒಪ್ಪಿಗೆ ಇದೆ’ ಎಂದು ನಿಮ್ಮ ಸಹಿಯೂ ಇದ್ದರೆ ಆ ಸಹಿ ನಿಮ್ಮದೇ ಎಂದು ಪರೀಕ್ಷಿಸಿ. ನಿಮ್ಮದೇ ಆಗಿದ್ದರೂ ಕುಗ್ಗಬೇಕಿಲ್ಲ. ಅಣ್ಣನ ಹೆಸರಿಗೆ ಖಾತೆಯಾಗಲಿ ಎಂದು ಒಪ್ಪುವುದು ಪಾಲು ಬಿಟ್ಟುಕೊಟ್ಟಂತೆ ಅಲ್ಲ. ಮನೆಯ ಹಿರಿಯನ ಹೆಸರಿನಲ್ಲಿ ಖಾತೆ ಇರುವುದು ನಮ್ಮ ಕಡೆ ಎಲ್ಲ ಮನೆಗಳ ಪದ್ಧತಿ.

ಖಾತೆ ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟಿರಬಹುದು. ಅದಕ್ಕೆ ಅವಕಾಶವಿದೆ. ಆದರೆ ಯಾರಿಗೆ ಎಷ್ಟು ಪಾಲು ಎಂದು ತೀರ್ಮಾನಿಸುವ ಅಧಿಕಾರ ಕಂದಾಯ ಅಧಿಕಾರಿಗಳಿಗಿಲ್ಲ. ನಾಲ್ಕಾರು ವರ್ಷ ಅಲೆದ ಮೇಲೆ ‘ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಪಡೆದುಕೊಳ್ಳತಕ್ಕದ್ದು’ ಎಂಬ ಒಂದು ಸಾಲಿನ ಆದೇಶ ಹಿಡಿದು ಬರುವವರನ್ನು ನೋಡಿದಾಗ ನಿಜವಾಗಿಯೂ ಸಂಕಟವಾಗುತ್ತದೆ. ನೇರವಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗಿ.

ಇನ್ನು 2003ರ ಕಾಗದ. ನಿಮ್ಮ ಪ್ರಕರಣದಲ್ಲಿ ನಿಜವಾದ ಜಗಳ ನಡೆಯುವುದು ಇದರ ಮೇಲೆ. ನೂರು ರೂಪಾಯಿಗಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಯಾವ ಪತ್ರವೂ ನೋಂದಣಿಯಾಗಲೇಬೇಕು. ಇದು 1908ರ ನೋಂದಣಿ ಕಾಯ್ದೆಯ 17ನೇ ಕಲಂ. ನೋಂದಣಿಯಾಗದ ಪತ್ರವನ್ನು ಹಕ್ಕು ಹೋಯಿತು ಎಂದು ಸಾಧಿಸಲು ಸಾಕ್ಷ್ಯವಾಗಿ ಓದುವಂತಿಲ್ಲ. ಸರಿಯಾದ ಮುದ್ರಾಂಕ ಶುಲ್ಕ ಕಟ್ಟಿಲ್ಲವಾದರೆ, ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಂ ಪ್ರಕಾರ ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟುವವರೆಗೆ ಅದನ್ನು ನ್ಯಾಯಾಲಯ ಮುಟ್ಟುವುದೂ ಇಲ್ಲ. ಜೊತೆಗೆ, 2004ರ ಡಿಸೆಂಬರ್ 20ಕ್ಕೆ ಮುಂಚಿನ ವಿಭಾಗಕ್ಕೆ ರಕ್ಷಣೆ ಇದೆ ಎಂದೆನಲ್ಲ, ಅಲ್ಲಿ ವಿಭಾಗ ಎಂದರೆ ನೋಂದಾಯಿತ ವಿಭಾಗಪತ್ರ ಅಥವಾ ನ್ಯಾಯಾಲಯದ ಡಿಕ್ರಿ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಛಾಪಾ ಕಾಗದದ ಪಂಚಾಯ್ತಿ ಪತ್ರ ಅದರೊಳಗೆ ಬರುವುದಿಲ್ಲ. ಬಾಯಿಮಾತಿನ ವಿಭಾಗವನ್ನು ಒಪ್ಪಬೇಕಾದರೆ ಅದಕ್ಕೆ ಸಾರ್ವಜನಿಕ ದಾಖಲೆಗಳ ಗಟ್ಟಿ ಬೆಂಬಲ ಇರಬೇಕು, ಅದೂ ಅಪರೂಪದ ಸಂದರ್ಭದಲ್ಲಿ ಎಂದು ವಿನೀತಾ ಶರ್ಮಾ ತೀರ್ಪು ಸ್ಪಷ್ಟಪಡಿಸಿದೆ.

ಹೀಗಿದ್ದರೂ ಎದುರು ಪಕ್ಷದ ಜಾಣ ವಕೀಲರು ಅದನ್ನು ‘ಹಕ್ಕು ಬಿಡುಗಡೆ’ ಎನ್ನುವುದಿಲ್ಲ, ‘ಕೌಟುಂಬಿಕ ಏರ್ಪಾಡು’ ಎನ್ನುತ್ತಾರೆ. ಮೊದಲೇ ಬಾಯಿಮಾತಿನಲ್ಲಿ ಮುಗಿದ ಏರ್ಪಾಡನ್ನು ಆಮೇಲೆ ನೆನಪಿಗಾಗಿ ಬರೆದಿಟ್ಟ ಕಾಗದಕ್ಕೆ ನೋಂದಣಿ ಬೇಡ ಎಂದು ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳಿವೆ. ಹಾಗಾಗಿ ಆ ಕಾಗದದ ಕ್ರಿಯಾಪದಗಳನ್ನು ನೋಡಬೇಕು. ‘ಈ ದಿನ ಈ ಪತ್ರದ ಮೂಲಕ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇವೆ’ ಎಂದಿದ್ದರೆ ಹಕ್ಕು ಹೋಗುವುದು ಆ ಪತ್ರದಿಂದಲೇ. ನೋಂದಣಿಯಿಲ್ಲದೆ ಅದು ನಿಲ್ಲದು. ‘ಈ ಹಿಂದೆ ಹಿರಿಯರ ಸಮಕ್ಷಮ ಆಗಿದ್ದ ಭಾಗದ ಪ್ರಕಾರ’ ಎಂದು ಶುರುವಾಗಿದ್ದರೆ ವಾದಕ್ಕೆ ಜಾಗವಿದೆ. ನಿಮ್ಮ ಬಳಿ ಅದರ ಪ್ರತಿ ಇಲ್ಲದಿದ್ದರೂ ಅದರಲ್ಲೇನಿತ್ತು ಎಂದು ನೆನಪಿರುವಷ್ಟನ್ನು ವಕೀಲರಿಗೆ ಹೇಳಿ, ಮುಚ್ಚಿಡಬೇಡಿ. ವಾದಪತ್ರದಲ್ಲಿ ನಾವೇ ಅದನ್ನು ಪ್ರಸ್ತಾಪಿಸಿ ಉತ್ತರ ಕೊಡುವುದು, ಅವರು ಎತ್ತಿ ತೋರಿಸಿದ ಮೇಲೆ ತಡವರಿಸುವುದಕ್ಕಿಂತ ಎಷ್ಟೋ ಮೇಲು. ಒಂದು ವೇಳೆ ನಿಮಗೆ ಗೊತ್ತಿಲ್ಲದಂತೆ ಆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದೆ ಎಂದು ಗೊತ್ತಾದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಆಗ ಅದನ್ನು ರದ್ದುಪಡಿಸಲು ವಿಷಯ ತಿಳಿದ ದಿನದಿಂದ ಮೂರು ವರ್ಷದ ಕಾಲಮಿತಿ ಮಾತ್ರ. ಎಲ್ಲ ಸರ್ವೆ ನಂಬರುಗಳಿಗೂ 2001ರಿಂದ ಇಂದಿನವರೆಗಿನ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಇ.ಸಿ.) ತೆಗೆಸಿ ಎನ್ನುವುದು ಇದಕ್ಕೇ.

ಇಪ್ಪತ್ತು ವರ್ಷ ಸುಮ್ಮನಿದ್ದದ್ದಕ್ಕೆ ಹಕ್ಕು ಹೋಯಿತೇ? ಕೂಡು ಆಸ್ತಿಯಲ್ಲಿ ಒಬ್ಬ ಪಾಲುದಾರ ಉಳುತ್ತಿದ್ದರೆ ಅದು ಎಲ್ಲರ ಪರವಾದ ಸ್ವಾಧೀನ. ಕಾಲಮಿತಿ ಕಾಯ್ದೆಯ 110ನೇ ವಿಧಿ 12 ವರ್ಷ ಎನ್ನುತ್ತದೆ ನಿಜ, ಆದರೆ ಆ 12 ವರ್ಷ ಎಣಿಸುವುದು ‘ನಿನಗೆ ಪಾಲಿಲ್ಲ’ ಎಂದು ಹೊರಗಿಟ್ಟದ್ದು ನಿಮಗೆ ತಿಳಿದ ದಿನದಿಂದ. ಖಾತೆಯಲ್ಲಿ ಒಬ್ಬರ ಹೆಸರಿರುವುದು ಹೊರಗಿಟ್ಟಂತೆ ಆಗದು. ನೀವು ಪ್ರಶ್ನೆಯ ನಡುವೆ ಸಹಜವಾಗಿ ಬರೆದ ಒಂದು ವಾಕ್ಯ ಇಲ್ಲಿ ಬಹಳ ತೂಗುತ್ತದೆ: ಪ್ರತಿ ಸುಗ್ಗಿಗೂ ರಾಗಿ, ತೆಂಗಿನಕಾಯಿ ಬರುತ್ತಿತ್ತು ಎಂಬುದು. ಹುಟ್ಟುವಳಿ ಹಂಚಿಕೊಂಡು ತಿಂದಿದ್ದೀರಿ ಎಂದರೆ ನಿಮ್ಮನ್ನು ಪಾಲುದಾರಳೆಂದೇ ನಡೆಸಿಕೊಂಡಿದ್ದರು. ‘ತಂಗಿಗೆ ಪ್ರೀತಿಯಿಂದ ಕೊಟ್ಟೆ’ ಎಂದು ಅವರು ಹೇಳುತ್ತಾರೆ. ಸಾಮಾನು ತಂದ ಲಗೇಜು ಗಾಡಿಯ ರಸೀದಿ, ‘ಕಾಯಿ ಕಳಿಸಿದ್ದೀನಿ’ ಎಂಬ ಮೊಬೈಲ್ ಸಂದೇಶ, ಕೊಬ್ಬರಿ ಮಾರಿದ ದುಡ್ಡು ಖಾತೆಗೆ ಹಾಕಿದ್ದರೆ ಬ್ಯಾಂಕ್ ಪಾಸ್‌ಬುಕ್, ಇವನ್ನೆಲ್ಲ ಈಗಲೇ ಒಟ್ಟು ಮಾಡಿ. ಹಳೆಯ ಫೋನನ್ನು ಮಾರಬೇಡಿ, ಸಂದೇಶಗಳನ್ನು ಅಳಿಸಬೇಡಿ. ಇವೇ ಸಂಗತಿಗಳಿಂದ ಇನ್ನೊಂದು ಅನುಕೂಲವಿದೆ. ಜಂಟಿ ಸ್ವಾಧೀನದಲ್ಲಿರುವ ಪಾಲುದಾರರು ವಿಭಾಗ ಕೇಳಿದರೆ ಕರ್ನಾಟಕದಲ್ಲಿ ಕಟ್ಟಬೇಕಾದ ನ್ಯಾಯಾಲಯ ಶುಲ್ಕ ಅತ್ಯಲ್ಪ. ಪೂರ್ತಿ ಹೊರಗಿಡಲ್ಪಟ್ಟವರು ಕೇಳಿದರೆ ಪಾಲಿನ ಮೌಲ್ಯದ ಮೇಲೆ ಲೆಕ್ಕ ಹಾಕಬೇಕಾಗುತ್ತದೆ.

ಮಾರಾಟ ತಡೆಯುವ ವಿಷಯಕ್ಕೆ ಬರೋಣ. ಸಬ್ ರಿಜಿಸ್ಟ್ರಾರ್ ಕಚೇರಿಗೆ ತಕರಾರು ಅರ್ಜಿ ಕೊಟ್ಟು ನಿಶ್ಚಿಂತೆಯಿಂದ ಇರುವವರಿದ್ದಾರೆ. ಖಾಸಗಿ ತಕರಾರಿನ ಮೇಲೆ ನೋಂದಣಿ ನಿಲ್ಲುವುದಿಲ್ಲ, ನ್ಯಾಯಾಲಯದ ಆದೇಶ ಬೇಕು. ಪೊಲೀಸ್ ಠಾಣೆಯಲ್ಲೂ ಇದಕ್ಕೆ ಪರಿಹಾರವಿಲ್ಲ. ಜಮೀನು ಇರುವ ಕಡೆಯ ನ್ಯಾಯಾಲಯದಲ್ಲೇ, ಅಂದರೆ ಶಿವಮೊಗ್ಗದಲ್ಲಲ್ಲ, ತಿಪಟೂರಿನಲ್ಲಿ ಪಾಲು ವಿಭಾಗ ಮತ್ತು ಪ್ರತ್ಯೇಕ ಸ್ವಾಧೀನ ಕೋರಿ ದಾವೆ ಹೂಡಬೇಕು. ಅದರ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಕೆಳಗೆ, ಪರಭಾರೆ ಮಾಡದಂತೆ ತಾತ್ಕಾಲಿಕ ಪ್ರತಿಬಂಧಕಾಜ್ಞೆಗೆ ಅರ್ಜಿ. ಬರೀ ಪ್ರತಿಬಂಧಕಾಜ್ಞೆಯ ದಾವೆ ಹಾಕಿ ‘ಮಾರಬಾರದು’ ಎಂದಷ್ಟೇ ಕೇಳಬೇಡಿ. ಹಕ್ಕೇ ವಿವಾದದಲ್ಲಿರುವಾಗ ಅಂಥ ದಾವೆ ನಿಲ್ಲುವುದು ಕಷ್ಟ. ನ್ಯಾಯಾಧೀಶರು ಮೂರು ಸಂಗತಿ ನೋಡುತ್ತಾರೆ: ಮೇಲ್ನೋಟಕ್ಕೆ ನಿಮ್ಮ ಪ್ರಕರಣದಲ್ಲಿ ಹುರುಳಿದೆಯೇ, ಆಜ್ಞೆ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟ ಹಣದಿಂದ ತುಂಬಲಾಗದ್ದೇ. ಅಣ್ಣ ಮೊದಲೇ ಕೇವಿಯಟ್ (ತನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ಸೂಚನೆ ಅರ್ಜಿ) ಹಾಕಿದ್ದರೆ ಅವರ ಮಾತು ಕೇಳದೆ ಆದೇಶ ಬರುವುದಿಲ್ಲ. ಕೇವಿಯಟ್ ಬಾಳುವುದು 90 ದಿನ. ಅಂಥದ್ದು ಇದೆಯೇ ಎಂದು ದಾವೆಗೆ ಮುಂಚೆ ವಿಚಾರಿಸಿಕೊಳ್ಳಿ.

ಆದೇಶ ಸಿಕ್ಕ ದಿನವೇ ಅದರ ದೃಢೀಕೃತ ಪ್ರತಿಯನ್ನು ಸಬ್ ರಿಜಿಸ್ಟ್ರಾರಿಗೂ ತಹಶೀಲ್ದಾರರಿಗೂ ಮುಟ್ಟಿಸಿ ಸ್ವೀಕೃತಿ ಪಡೆಯಿರಿ. ಪಹಣಿಯ 11ನೇ ಕಾಲಂನಲ್ಲಿ ದಾವೆಯ ನಮೂದು ಬರುವಂತೆ ಅರ್ಜಿ ಕೊಡಿ. ಲೇಔಟ್ ಮಾಡುವವರು ಬ್ಯಾಂಕಿಗೆ ಹೋಗುವ ಮೊದಲು ನೋಡುವುದು ಆ ಕಾಲಂ ಅನ್ನೇ. ಆದೇಶ ಸಿಗುವುದು ತಡವಾಗಿ, ಅಷ್ಟರಲ್ಲಿ ಕ್ರಯಪತ್ರ ಆಗಿಹೋದರೂ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ನಿಮ್ಮ ಕಡೆಗಿದೆ: ದಾವೆ ನಡೆಯುತ್ತಿರುವಾಗ ಕೊಂಡವರು ದಾವೆಯ ತೀರ್ಪಿಗೆ ಬದ್ಧರು.

ಇಲ್ಲಿ ಒಂದು ವಾದ ಖಂಡಿತ ಬರುತ್ತದೆ. ‘ನನ್ನ ಪಾಲೇ 60 ಗುಂಟೆ, ನಾನು ಮಾರುತ್ತಿರುವುದು 50 ಗುಂಟೆ, ನಿನಗೇನು ನಷ್ಟ’ ಎನ್ನಬಹುದು. ಗುಂಟೆಯ ಲೆಕ್ಕದಲ್ಲಿ ಸರಿ, ಬೆಲೆಯ ಲೆಕ್ಕದಲ್ಲಿ ಅಲ್ಲ. ರಸ್ತೆ ಬದಿಯ ಜಾಗ ಮಾರಿಕೊಂಡು ಹಿಂದಿನ ಕಲ್ಲುಭೂಮಿಯನ್ನು ತಂಗಿಯರಿಗೆ ಬಿಡುವುದು ವಿಭಾಗವಲ್ಲ. ಭಾಗವಾಗದ ಆಸ್ತಿಯಲ್ಲಿ ಯಾವ ತುಂಡು ಯಾರದು ಎಂದು ಒಬ್ಬ ಪಾಲುದಾರ ತಾನೇ ಗೆರೆ ಎಳೆಯಲಾಗದು. ಕೊಂಡವರಿಗೆ ಹೆಚ್ಚೆಂದರೆ ಅಣ್ಣನಿಗೆ ಸೇರಬೇಕಾದಷ್ಟು ಹಕ್ಕು ದಾಟುತ್ತದೆ. ಅಂತಿಮವಾಗಿ ಹಂಚುವಾಗ ಮಾರಿದ ಜಾಗವನ್ನು ಸಾಧ್ಯವಾದರೆ ಅಣ್ಣನ ಪಾಲಿಗೇ ಹಾಕಿ, ಅದರ ಹೆಚ್ಚಿನ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ನಿಮ್ಮಿಬ್ಬರಿಗೆ ಸರಿದೂಗಿಸುವಂತೆ ಕೇಳಬಹುದು. ಕ್ರಯಪತ್ರ ಈಗಾಗಲೇ ಆಗಿದ್ದರೆ ಕೊಂಡವರನ್ನೂ ಪ್ರತಿವಾದಿ ಮಾಡಿ.

ದಾವೆಯ ಷೆಡ್ಯೂಲಿನಲ್ಲಿ (ಆಸ್ತಿಗಳ ಪಟ್ಟಿಯಲ್ಲಿ) ಎಲ್ಲ ಆಸ್ತಿಯೂ ಬರಬೇಕು: ಎರಡು ಸರ್ವೆ ನಂಬರಿದ್ದರೆ ಎರಡೂ, ಊರಿನ ಮನೆ, ಖಾಲಿ ನಿವೇಶನ, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಸಮೇತ. ಭಾಗಶಃ ವಿಭಾಗದ ದಾವೆ ಆ ಒಂದೇ ಕಾರಣಕ್ಕೆ ಬಿದ್ದುಹೋಗಬಹುದು. ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂಬ ಹಳೆಯ 23ನೇ ಕಲಂ 2005ರಲ್ಲೇ ರದ್ದಾಗಿದೆ. ತಂಗಿಯನ್ನೂ ಪಕ್ಷಗಾರಳನ್ನಾಗಿ ಮಾಡಲೇಬೇಕು. ಅವರು ಪ್ರತಿವಾದಿಯಾಗಿ ಸುಮ್ಮನೆ ಕುಳಿತರೂ ಅವರ ಮೂರನೆಯ ಒಂದು ಪಾಲು ಎಲ್ಲೂ ಹೋಗುವುದಿಲ್ಲ. ವಿಭಾಗ ದಾವೆಯಲ್ಲಿ ಪ್ರತಿವಾದಿಯೂ ಪಾಲು ಕೇಳಬಹುದು. ಇದನ್ನು ಅವರಿಗೆ ನೀವೇ ಫೋನ್ ಮಾಡಿ ಹೇಳಿ, ನೋಟಿಸಿನಿಂದ ತಿಳಿಯುವಂತೆ ಆಗಬಾರದು.

ಸಮಯದ ವಿಷಯದಲ್ಲಿ ನಿಮಗೆ ಸಿಹಿ ಮಾತು ಹೇಳಲಾರೆ. ಸಮನ್ಸ್, 30 ದಿನದೊಳಗೆ ಕೊಡಬೇಕಾದ ಲಿಖಿತ ಹೇಳಿಕೆ, ಸಾಕ್ಷ್ಯ, ಪಾಟೀಸವಾಲು, ವಾದ ಇವೆಲ್ಲ ಮುಗಿದು ಪಾಲೆಷ್ಟು ಎಂದು ಹೇಳುವ ಪ್ರಾಥಮಿಕ ಡಿಕ್ರಿ ಬರಲು ವರ್ಷಗಳು ಹಿಡಿಯುತ್ತವೆ. ಅದರ ಮೇಲೆ ಮೇಲ್ಮನವಿ ಇದೆ. ಡಿಕ್ರಿ ಬಂದ ಮೇಲೂ ನೆಲದ ಮೇಲೆ ಗಡಿಕಲ್ಲು ನೆಡಲು ಅಂತಿಮ ಡಿಕ್ರಿ ಆಗಬೇಕು. ಕಂದಾಯದ ಜಮೀನನ್ನು ಜಿಲ್ಲಾಧಿಕಾರಿಗಳ ಮೂಲಕ ಅಳೆದು ಹಂಚಬೇಕು, ಮನೆಗೆ ಕೋರ್ಟ್ ಕಮಿಷನರ್ ಬರಬೇಕು. ಪ್ರಾಥಮಿಕ ಡಿಕ್ರಿಯ ನಂತರ ಪಕ್ಷಗಾರರು ಬೇರೆ ಅರ್ಜಿ ಹಾಕಲೆಂದು ಕಾಯದೆ ನ್ಯಾಯಾಲಯವೇ ಮುಂದಿನ ಹಂತಕ್ಕೆ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಿಮ್ಮ ವಕೀಲರಿಗೆ ಆ ದಿನ ಇದನ್ನು ನೆನಪಿಸಿ.

ಈ ಕಾರಣಕ್ಕೇ ರಾಜಿಯ ಬಾಗಿಲನ್ನು ತೆರೆದಿಟ್ಟುಕೊಳ್ಳಿ ಎನ್ನುತ್ತೇನೆ, ಆದರೆ ದಾವೆ ಹೂಡಿ, ತಡೆಯಾಜ್ಞೆ ಕೈಗೆ ಬಂದ ಮೇಲೆ. ಅದಕ್ಕೆ ಮುಂಚಿನ ಮಾತುಕತೆಯಲ್ಲಿ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಅಣ್ಣನ ಬಗ್ಗೆಯೂ ನ್ಯಾಯವಾಗಿ ಯೋಚಿಸಬೇಕು. ಇಪ್ಪತ್ತು ವರ್ಷ ಆ ನೆಲದಲ್ಲಿ ದುಡಿದಿದ್ದಾರೆ, ಬೋರ್‌ವೆಲ್ ಕೊರೆಸಿರಬಹುದು, ತೆಂಗಿನ ಸಸಿ ನೆಟ್ಟಿರಬಹುದು, ತಾಯಿಯ ಕೊನೆಗಾಲ ನೋಡಿರಬಹುದು. ಬೋರ್‌ವೆಲ್ ಇರುವ ತುಂಡನ್ನು ಅವರಿಗೆ ಬಿಟ್ಟು ನೀವು ಬೇರೆ ಕಡೆ ತೆಗೆದುಕೊಳ್ಳಲು ಒಪ್ಪುವುದು ನ್ಯಾಯವೂ ಹೌದು, ಜಗಳ ಮುಗಿಯುವ ದಾರಿಯೂ ಹೌದು. ನ್ಯಾಯಾಲಯ ಮಧ್ಯಸ್ಥಿಕೆಗೆ ಕಳುಹಿಸಿದರೆ ಮನಸ್ಸಿಟ್ಟು ಕೂರಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ನ್ಯಾಯಾಲಯ ಶುಲ್ಕವೂ ವಾಪಸ್ಸಾಗುತ್ತದೆ. ಆದರೆ ಮತ್ತೊಮ್ಮೆ ಊರ ಕಟ್ಟೆಯ ಮೇಲೆ ಕೂತು ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ. ರಾಜಿ ಏನಾದರೂ ಆಗಲಿ, ಅದು ನ್ಯಾಯಾಲಯದ ಕಡತದೊಳಗೆ ಆಗಲಿ.

ತವರು ತಪ್ಪುತ್ತದೆ ಎಂಬ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಗೌರಿ ಹಬ್ಬದ ಬಾಗಿನಕ್ಕೆ ಬದಲಾಗಿ ಪಾಲು ಬಿಡು ಎನ್ನುವುದು ತವರಿನ ಪ್ರೀತಿಯೂ ಅಲ್ಲ, ಹಳೆಯ ಸಂಪ್ರದಾಯದ ರಕ್ಷಣೆಯೂ ಅಲ್ಲ. ಅಣ್ಣ ತನ್ನ ಪಾಲು ಇಟ್ಟುಕೊಳ್ಳುವುದನ್ನು ಯಾರೂ ಆಸೆಬುರುಕತನ ಎನ್ನುವುದಿಲ್ಲ. ಅದೇ ಕಾಯ್ದೆ, ಅದೇ ಕಲಂ ಕೊಟ್ಟ ಪಾಲನ್ನು ನೀವು ಕೇಳಿದರೆ ಮಾತ್ರ ಆ ಹೆಸರು ಏಕೆ ಬರಬೇಕು?

ಖರ್ಚಿನ ಚಿಂತೆಯಿದ್ದರೆ ಒಂದು ವಿಷಯ ತಿಳಿದಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ, ವರಮಾನ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ವಕೀಲರನ್ನೂ ಅವರೇ ನೇಮಿಸಿಕೊಡುತ್ತಾರೆ. ತಿಪಟೂರಿನ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100 ಸಂಖ್ಯೆಗೆ ಕರೆ ಮಾಡಿ. ಹೋಗುವಾಗ ಇಂದಿನ ಪಹಣಿ, ಸಿಕ್ಕಷ್ಟು ಹಳೆಯ ಕೈಬರಹದ ಪಹಣಿಗಳು, ಪೌತಿ ಖಾತೆಯ ಎಂ.ಆರ್. ಪ್ರತಿ, ಋಣಭಾರ ಪತ್ರ, ತಂದೆ ತಾಯಿಯ ಮರಣ ಪ್ರಮಾಣಪತ್ರ, ನೀವು ಅವರ ಮಗಳೆಂದು ತೋರಿಸುವ ಶಾಲೆಯ ವರ್ಗಾವಣೆ ಪತ್ರ ಅಥವಾ ಮದುವೆಯ ಲಗ್ನಪತ್ರಿಕೆ ಜೊತೆಗಿರಲಿ. ಮುಂಗಡದ ಸುದ್ದಿ ಯಾರಿಂದ, ಯಾವ ದಿನ ತಿಳಿಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಎಲ್ಲ ಕಾಗದ ಸಿಗಲಿ ಎಂದು ಕಾಯಬೇಡಿ. ಪಹಣಿ ಮತ್ತು ಮರಣ ಪ್ರಮಾಣಪತ್ರ ಇದ್ದರೆ ದಾವೆ ಹೂಡಲು ಸಾಕು, ಉಳಿದವನ್ನು ಸಾಕ್ಷ್ಯದ ಹಂತಕ್ಕೆ ಮುಂಚೆ ನ್ಯಾಯಾಲಯದ ಅನುಮತಿ ಪಡೆದು ಹಾಜರುಪಡಿಸಬಹುದು.